ಬಿರುಬಿಸಿಲಿನಲ್ಲಿ ಬೈಕ್ ಸವಾರಿ: ಬೆವರನ್ನು ಕಾಯ್ದುಕೊಳ್ಳುವ ಕ್ರಮ

ಬೇಸಿಗೆಯಲ್ಲಿ ಬೈಕ್ ಹತ್ತುವವರಲ್ಲಿ ಹೆಚ್ಚಿನವರಿಗೆ ಒಂದು ನಂಬಿಕೆ ಇರುತ್ತದೆ. ಗಾಡಿ ಓಡಿದರೆ ಗಾಳಿ ಬೀಸುತ್ತದೆ, ಗಾಳಿ ಬೀಸಿದರೆ ಮೈ ತಂಪಾಗುತ್ತದೆ, ಹಾಗಾಗಿ ತೆಳುವಾದ ಅಂಗಿ ತೊಟ್ಟು, ತೋಳು ಮಡಚಿ, ವೈಸರ್ ಮೇಲೆತ್ತಿ ಹೊರಟರಾಯಿತು ಎಂಬುದೇ ಆ ನಂಬಿಕೆ. ಹವೆ 28 ಡಿಗ್ರಿ ಇರುವ ದಿನ, ತಂಪಿನ ಮಟ್ಟಿಗೆ, ಈ ಮಾತು ನಿಜ. ನಮ್ಮ ಚರ್ಮದ ಉಷ್ಣಾಂಶ ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ; ಅದಕ್ಕಿಂತ ತಣ್ಣಗಿನ ಗಾಳಿ ತಾಗಿದಾಗ ಅದು ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಹವೆ 40 ಡಿಗ್ರಿ ಮುಟ್ಟಿದ ದಿನ ಅದೇ ಗಾಳಿ ಶಾಖವನ್ನು ಮೈಗೆ ತಂದು ಸುರಿಯುತ್ತದೆ, ವೇಗ ಹೆಚ್ಚಿದಷ್ಟೂ ಹೆಚ್ಚಾಗಿ ಸುರಿಯುತ್ತದೆ. ಆಗ ಬೈಕಿನ ಮೇಲೆ ಕುಳಿತವನ ಪಾಡು ಉರಿಯುವ ಕುಲುಮೆಯ ಬಾಯಿಗೆ ಮುಖಮಾಡಿ ಕುಳಿತವನ ಪಾಡಿಗಿಂತ ಬಹಳ ಬೇರೆಯಲ್ಲ.

ಅಲ್ಲಿಂದಾಚೆಗೆ ದೇಹಕ್ಕೆ ಉಳಿಯುವ ದಾರಿ ಬೆವರು ಮಾತ್ರ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಏಳು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಹದಕ್ಕೆ ತರಲು ಬೇಕಾಗುವ ಶಾಖ ಹೆಚ್ಚುಕಡಿಮೆ ಇಷ್ಟೇ. ಇಷ್ಟು ಬೆಲೆಬಾಳುವ ನೀರನ್ನು ಬರಿಮೈಯ ಸವಾರ ದುಂದು ಮಾಡುತ್ತಾನೆ. ಬಿಸಿಗಾಳಿ ಬರಿಯ ತೋಳಿನ ಮೇಲಿನ ಬೆವರನ್ನು ಅದು ಮೂಡಿದ ಕ್ಷಣದಲ್ಲೇ ಒಣಗಿಸಿಬಿಡುವುದರಿಂದ, ತಾನು ಬೆವರುತ್ತಲೇ ಇಲ್ಲ ಎಂದು ಅವನಿಗೆ ಅನಿಸುತ್ತದೆ. ಇಳಿದು ಹೆಲ್ಮೆಟ್ ತೆಗೆದಾಗ ಗಲ್ಲದ ಪಟ್ಟಿಯ ಅಂಚಿನಲ್ಲಿ ಸುಣ್ಣದ ಗೆರೆಯಂತೆ ಉಪ್ಪು ಕಟ್ಟಿಕೊಂಡಿರುವುದನ್ನು ನೋಡಿದಾಗಲೇ ಎಷ್ಟು ನೀರು ಹೋಗಿದೆ ಎಂಬುದು ತಿಳಿಯುವುದು. ಹೀಗಾಗಿ ಬಿಸಿಲಿನ ಸವಾರಿಯ ಸಿದ್ಧತೆಯನ್ನು ಎಲ್ಲಿ ಗಾಳಿ ಬಿಡಬೇಕು ಎಂಬುದಕ್ಕಿಂತ, ಬೆವರನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದರಿಂದ ಆರಂಭಿಸುವುದು ಲೇಸು.

ಉಡುಪು

ರಕ್ಷಣೆಯ ಉಡುಪನ್ನು ಬಿಸಿಲಿನ ನೆಪದಲ್ಲಿ ಬಿಡುವ ಪ್ರಶ್ನೆಯೇ ಇಲ್ಲ. ಬಿದ್ದಾಗ ಡಾಂಬರು ಚರ್ಮವನ್ನು ಉಜ್ಜುವುದು ಎಲ್ಲ ಋತುಗಳಲ್ಲೂ ಒಂದೇ. ಬೇಸಿಗೆಯಲ್ಲಿ ಅದರ ಜೊತೆಗೆ ಸುಡುವ ಕೆಲಸವನ್ನೂ ಮಾಡುತ್ತದೆ, ಏಕೆಂದರೆ ಬಿಸಿಲಿಗೆ ತೆರೆದುಕೊಂಡ ಕಪ್ಪು ರಸ್ತೆಯ ಮೇಲ್ಮೈ 60 ಡಿಗ್ರಿಯನ್ನು ದಾಟಬಲ್ಲದು. ಅಂಥ ನೆಲದ ಮೇಲೆ ಬಿದ್ದವನು ತಕ್ಷಣ ಏಳಲಾಗದೆ ಹೋದರೆ ಕೆಲವು ಸೆಕೆಂಡುಗಳಲ್ಲೇ ಚರ್ಮ ಬೇಯಲು ತೊಡಗುತ್ತದೆ.

ಹವೆ ಸುಮಾರು 35 ಡಿಗ್ರಿಯವರೆಗೆ ಇರುವಾಗ ಜಾಲರಿ ಬಟ್ಟೆಯ ಜಾಕೆಟ್, ಅಂದರೆ ಸವಾರರು ಮೆಶ್ ಜಾಕೆಟ್ ಎನ್ನುವುದು, ಒಳ್ಳೆಯ ಆಯ್ಕೆ. ಭುಜ, ಮೊಣಕೈ ಮತ್ತು ಬೆನ್ನಿನ ಪ್ಯಾಡ್‌ಗಳು ಸಡಿಲವಾಗಿ ಜಾರದಂತೆ ಅದು ಮೈಗೆ ಸರಿಯಾಗಿ ಕೂರಬೇಕು. ಒಳಗೆ ತೆಳುವಾದ, ಬೆವರನ್ನು ಹೀರಿ ಹರಡುವ ಪಾಲಿಯೆಸ್ಟರ್ ಒಳಂಗಿ ಇದ್ದರೆ ಪ್ಯಾಡ್‌ಗಳು ಚರ್ಮಕ್ಕೆ ಅಂಟುವುದಿಲ್ಲ. ಬಣ್ಣದ ವಿಷಯದಲ್ಲಿ ತಿಳಿಬಣ್ಣ ಮೇಲು ಎಂಬುದು ನಿಜ, ಆದರೆ ಓಡುವ ಗಾಡಿಯ ಮೇಲೆ ಅದರ ಲಾಭ ಜನ ತಿಳಿದಷ್ಟು ದೊಡ್ಡದಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಅದು ಗೊತ್ತಾಗುತ್ತದೆ.

ಹವೆ ಚರ್ಮದ ಉಷ್ಣಾಂಶವನ್ನು ದಾಟಿ ಮೇಲೇರಿದಾಗ ಕ್ರಮ ತಿರುವುಮುರುವಾಗುತ್ತದೆ. ಆಗ ಮೆಶ್ ಜಾಕೆಟ್ ಕೂಡ ಬಿಸಿಗಾಳಿಯನ್ನು ಒಳಗೆ ಬಿಡುವ ಜರಡಿಯಾಗುತ್ತದೆ. ಕಿಂಡಿಗಳಿರುವ ಜಾಕೆಟ್ಟಿನ ಹೆಚ್ಚಿನ ಕಿಂಡಿಗಳನ್ನು ಮುಚ್ಚಿ, ಒಳಗೆ ಒದ್ದೆ ಅಂಗಿ ತೊಡುವುದು ಈ ಹಂತದಲ್ಲಿ ನನಗೆ ತಿಳಿದಿರುವ ಅತ್ಯುತ್ತಮ ಉಪಾಯ. ಅದನ್ನು ಮಾಡುವ ರೀತಿ ಹೀಗೆ. ತಂಗಿದ ಕಡೆ ಹತ್ತಿಯ ಒಳಂಗಿಯನ್ನು ಬಿಚ್ಚಿ, ನೀರಿನಲ್ಲಿ ಪೂರ್ತಿ ಅದ್ದಿ, ತೊಟ್ಟಿಕ್ಕದಷ್ಟು ಮಾತ್ರ ಹಿಂಡಿ, ಮತ್ತೆ ತೊಟ್ಟುಕೊಳ್ಳಬೇಕು. ಇಲ್ಲಿ ಪಾಲಿಯೆಸ್ಟರಿಗಿಂತ ಹತ್ತಿಯೇ ಮೇಲು, ಏಕೆಂದರೆ ಅದು ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಾಕೆಟ್ಟಿನ ಜಿಪ್ಪನ್ನು ಕೊರಳಿನವರೆಗೆ ಎಳೆದು, ತೋಳಿನ ತುದಿ ಮತ್ತು ಬೆನ್ನಿನ ಕಿಂಡಿಯನ್ನು ಮಾತ್ರ ತುಸು ತೆರೆದಿಟ್ಟರೆ, ಒಳಗೆ ನುಸುಳುವ ಸಣ್ಣ ಗಾಳಿ ಬಟ್ಟೆಯ ನೀರನ್ನು ನಿಧಾನವಾಗಿ ಆವಿ ಮಾಡುತ್ತ ಹೋಗುತ್ತದೆ. ದೇಹದ ಬೆವರು ಮಾಡಬೇಕಾದ ಕೆಲಸವನ್ನು ಕೊಳವೆಯ ನೀರು ಮಾಡಿದಂತಾಯಿತು. ಹೊರಟ ಮೊದಲ ನಿಮಿಷಗಳಲ್ಲಿ ಎದೆ ನಡುಗುವಷ್ಟು ತಂಪೆನಿಸಿದರೆ ಆಶ್ಚರ್ಯವಿಲ್ಲ. ಎದೆಯ ಭಾಗದ ಬಟ್ಟೆ ಒಣಗಿದೆ ಎಂದು ತಿಳಿದ ಕೂಡಲೇ ಮುಂದಿನ ನೆರಳಿನಲ್ಲಿ ಗಾಡಿ ನಿಲ್ಲಿಸಬೇಕು. ಗಡಿಯಾರಕ್ಕಿಂತ ಈ ಅಂಗಿ ಹೆಚ್ಚು ನಂಬಿಕೆಯ ಸೂಚಕ. ಕೊರಳಿಗೆ ಸುತ್ತಿದ ಬಟ್ಟೆಯನ್ನೂ ಹೀಗೆಯೇ ತೋಯಿಸಬಹುದು.

ಒಣ ಹವೆಯ ಪ್ರದೇಶಗಳಿಗೆ ಮಾತ್ರ ಈ ಉಪಾಯ ಹೊಂದುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ಕಡೆ ಬೆವರೂ ಆವಿಯಾಗದು, ಅಂಗಿಯ ನೀರೂ ಆವಿಯಾಗದು. ಅಂಥಲ್ಲಿ ಒದ್ದೆ ಅಂಗಿ ಬರಿಯ ಭಾರ. ಅಲ್ಲಿ ಮೆಶ್ ಜಾಕೆಟ್ ತೊಟ್ಟು ಸಿಗುವಷ್ಟು ಗಾಳಿಯನ್ನು ಬಿಟ್ಟುಕೊಳ್ಳುವುದು, ದಾರಿಯನ್ನು ಚಿಕ್ಕದು ಮಾಡಿಕೊಳ್ಳುವುದು ಬಿಟ್ಟರೆ ಬೇರೆ ಮಾರ್ಗವಿಲ್ಲ. ಉಷ್ಣಾಂಶದ ಅಂಕಿಯನ್ನಷ್ಟೇ ನೋಡಿ ಹೊರಡುವವರು ಮೋಸಹೋಗುವುದು ಇಲ್ಲಿಯೇ: ತೇವಭರಿತ 34 ಡಿಗ್ರಿ, ಒಣ 40 ಡಿಗ್ರಿಗಿಂತ ಕೆಟ್ಟದ್ದಾಗಬಹುದು.

ಕೈಗವಸಿನ ಅಂಗೈ ಚರ್ಮದ್ದಾಗಿದ್ದು, ಬೆರಳುಗಳ ಮೇಲ್ಭಾಗದಲ್ಲಿ ಸಣ್ಣ ರಂಧ್ರಗಳಿರಲಿ. ಬೆವೆತ ಬರಿಗೈ ಆಕ್ಸಿಲರೇಟರ್ ಹಿಡಿಯ ಮೇಲೆ ಜಾರುತ್ತದೆ, ಬ್ರೇಕ್ ಲಿವರ್ ಅಂತೂ ಬಿಸಿಲಿಗೆ ಕಾದು ಮುಟ್ಟಲಾಗದಂತಾಗಿರುತ್ತದೆ. ಕೈಗವಸಿಗೂ ಜಾಕೆಟ್ಟಿನ ತೋಳಿಗೂ ನಡುವೆ ಉಳಿಯುವ ಎರಡು ಬೆರಳಗಲದ ಮಣಿಕಟ್ಟು ಮತ್ತು ಹೆಲ್ಮೆಟ್ಟಿನ ಕೆಳಗಿನ ಕುತ್ತಿಗೆಯ ಹಿಂಭಾಗ, ಇವೆರಡೇ ಸಂಜೆಯ ಹೊತ್ತಿಗೆ ಸುಟ್ಟು ಕೆಂಪಾಗುವ ಜಾಗಗಳು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಅಲ್ಲಿಗೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕು. ಹಣೆಗೆ ಮಾತ್ರ ಬೇಡ. ಬೆವರಿನೊಡನೆ ಕಣ್ಣಿಗಿಳಿದರೆ ಆ ಉರಿಯಲ್ಲಿ ರಸ್ತೆ ಕಾಣುವುದಿಲ್ಲ.

ಹೆಲ್ಮೆಟ್

ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಬಿಸಿಲಿನಲ್ಲಿ ಉಸಿರುಗಟ್ಟಿಸುತ್ತದೆ ಎಂದು ಅರ್ಧ ಹೆಲ್ಮೆಟ್ಟಿಗೆ ಇಳಿಯುವವರಿದ್ದಾರೆ. ಗಲ್ಲ ಮತ್ತು ದವಡೆಯನ್ನು ಪಣಕ್ಕಿಟ್ಟು ಪಡೆಯುವ ಈ ತಂಪು ದುಬಾರಿ. ಅದೂ 38 ಡಿಗ್ರಿ ದಾಟಿದ ಮೇಲೆ ತಂಪೇ ಅಲ್ಲ, ತುಟಿ ಒಡೆಸಿ ಕಣ್ಣು ಒಣಗಿಸುವ ಗಾಳಿ. ಆ ಹೊತ್ತಿನಲ್ಲಿ ವೈಸರ್ ಇಳಿಸಿ, ಗಲ್ಲದ ಮತ್ತು ನೆತ್ತಿಯ ಕಿಂಡಿಗಳನ್ನು ತೆರೆದು ಓಡಿಸಬೇಕು. ತಲೆಗೆ ತೆಳುವಾದ ಬಟ್ಟೆಯ ಟೋಪಿ ತೊಟ್ಟು ಅದರ ಮೇಲೆ ಹೆಲ್ಮೆಟ್ ಹಾಕಿದರೆ ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯುವುದಿಲ್ಲ, ಒಳಗಿನ ಮೆತ್ತೆಯೂ ಬೇಗ ನಾರುವುದಿಲ್ಲ. ಕಪ್ಪು ವೈಸರ್ ಹಾಕುವವರು ಬಿಳಿ ವೈಸರನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಬೇಕು, ಏಕೆಂದರೆ ಬಿಸಿಲಿಗೆ ಹೆದರಿ ಪಯಣವನ್ನು ಸಂಜೆಗೆ ತಳ್ಳಿದವರೇ ಕತ್ತಲಲ್ಲಿ ಕಪ್ಪು ವೈಸರಿನೊಂದಿಗೆ ಸಿಕ್ಕಿಬೀಳುವುದು. ನಿಂತಾಗ ಹೆಲ್ಮೆಟ್ಟನ್ನು ಬಿಸಿ ಟ್ಯಾಂಕಿನ ಮೇಲೆ ಇಡುವ ಅಭ್ಯಾಸ ಒಳ್ಳೆಯದಲ್ಲ. ಒಳಗಿರುವುದು ಥರ್ಮೋಕೋಲಿನ ಜಾತಿಯ ವಸ್ತು, ಪೆಟ್ರೋಲು ಅದಕ್ಕೆ ಶತ್ರು.

ನೀರು

ಬಿಸಿಲಿನಲ್ಲಿ ಬೆವರುವ ದೇಹ ಗಂಟೆಗೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ನೀರು ಕಳೆದುಕೊಳ್ಳಬಲ್ಲದು. ಬಾಯಾರಿಕೆ ಈ ನಷ್ಟದ ಹಿಂದೆ ಕುಂಟುತ್ತಾ ಬರುತ್ತದೆ. 70 ಕಿಲೋ ತೂಕದವನು ಒಂದೂವರೆ ಲೀಟರ್ ಕಳೆದುಕೊಂಡರೆ ಅದು ಅವನ ತೂಕದ ಸುಮಾರು ಶೇಕಡಾ 2. ಅಷ್ಟು ಹೊತ್ತಿಗಾಗಲೇ ಗಮನ ಚದುರಲು ಶುರುವಾಗಿರುತ್ತದೆ.

ಹೊರಡುವ ಒಂದೆರಡು ಗಂಟೆ ಮೊದಲೇ ಅರ್ಧ ಲೀಟರಿನಷ್ಟು ನೀರು ಕುಡಿದಿರಬೇಕು. ದಾರಿಯಲ್ಲಿ 15–20 ನಿಮಿಷಕ್ಕೊಮ್ಮೆ 150ರಿಂದ 200 ಮಿಲಿಲೀಟರ್ ಒಳಗೆ ಹೋಗುತ್ತಿರಬೇಕು. ಬಾಟಲಿಯನ್ನು ಸೀಟಿನ ಹಿಂದೆ ಕಟ್ಟಿಕೊಂಡವರಿಂದ ಇದು ಸಾಧ್ಯವಾಗುವುದಿಲ್ಲ, ಏಕೆಂದರೆ ಅವರು ನಿಂತಾಗ ಮಾತ್ರ ಕುಡಿಯುತ್ತಾರೆ, ನಿಲ್ಲಲು ಸದಾ ಇನ್ನೊಂದು ಹತ್ತು ಕಿಲೋಮೀಟರ್ ಬಾಕಿ ಇರುತ್ತದೆ. ಬೆನ್ನಿಗೆ ಹಾಕಿಕೊಳ್ಳುವ, ಕೊಳವೆಯಿರುವ ಎರಡು ಲೀಟರಿನ ನೀರಿನ ಚೀಲ ಈ ಒಂದು ಕಾರಣಕ್ಕೆ ಅದರ ಬೆಲೆಗೆ ತಕ್ಕದ್ದು. ಕೊಳವೆಯಲ್ಲಿ ನಿಂತ ನೀರು ಬಿಸಿಯಾಗುವುದರಿಂದ, ಗುಟುಕು ಕುಡಿದ ಮೇಲೆ ಉಳಿದದ್ದನ್ನು ಊದಿ ಚೀಲಕ್ಕೇ ತಳ್ಳಿದರೆ ಮುಂದಿನ ಗುಟುಕು ಹಿತವಾಗಿರುತ್ತದೆ. ಚಲಿಸುವಾಗ ಕೊಳವೆಗಾಗಿ ತಡಕಾಡಬಾರದು. ಸಿಗ್ನಲ್ಲು, ಗೇಟು, ತಿರುವಿನ ಮುಂಚಿನ ನಿಲುಗಡೆ ಇವೆಲ್ಲ ಆ ಕೆಲಸಕ್ಕೇ ಇವೆ ಎಂದುಕೊಳ್ಳಬಹುದು.

ಬೆವರಿನಲ್ಲಿ ನೀರಿನೊಂದಿಗೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬೆವರುತ್ತ ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆನೋವು, ವಾಕರಿಕೆ, ಗೊಂದಲ ಉಂಟಾಗುತ್ತವೆ. ನೋಡುವವರಿಗೆ ಅದೂ ಬಿಸಿಲಿನ ಬಳಲಿಕೆಯಂತೆಯೇ ಕಾಣುವುದರಿಂದ ಇನ್ನಷ್ಟು ನೀರು ಕುಡಿಸುವ ಅಪಾಯವಿದೆ. ಉದ್ದದ ಪಯಣದಲ್ಲಿ ಓಆರ್‌ಎಸ್ ಪೊಟ್ಟಣಗಳು ಜೊತೆಗಿರಲಿ. ಪೊಟ್ಟಣದ ಮೇಲೆ ಬರೆದಿರುವ ಅಳತೆಯ ನೀರಿಗೇ ಪೂರ್ತಿ ಪೊಟ್ಟಣವನ್ನು ಕರಗಿಸಬೇಕು. ರುಚಿ ಬರಲೆಂದು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಕಲಸಿದರೆ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಅಲರ್ಜಿಯ ಮಾತ್ರೆ ನುಂಗುವವರು ಉಪ್ಪು-ನೀರಿನ ಲೆಕ್ಕವನ್ನು ವೈದ್ಯರಿಂದ ಕೇಳಿಕೊಂಡೇ ಹೊರಡಬೇಕು. ಹಿಂದಿನ ರಾತ್ರಿಯ ಮದ್ಯ ಮರುದಿನದ ನೀರನ್ನು ಮೊದಲೇ ಖರ್ಚು ಮಾಡಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೂತ್ರದ ಬಣ್ಣ ಗಾಢವಾಗಿದ್ದರೆ, ಅಥವಾ ಬೆಳಗ್ಗೆಯಿಂದ ಹೋಗಲೇ ಇಲ್ಲವೆಂದು ಆಗ ನೆನಪಾದರೆ, ಕುಡಿದದ್ದು ಸಾಲದು.

ಹೊತ್ತು ಮತ್ತು ನಿಲುಗಡೆ

ಬೆಳಕು ಹರಿಯುವಾಗ ಹೊರಟು ಹನ್ನೊಂದರ ಒಳಗೆ ದಿನದ ಹೆಚ್ಚಿನ ದಾರಿಯನ್ನು ಮುಗಿಸುವುದು ಎಲ್ಲರಿಗೂ ತಿಳಿದ ಸೂತ್ರವೇ. ದಿನದ ಅತಿ ಬಿಸಿಯಾದ ಹೊತ್ತು ಸೂರ್ಯ ನೆತ್ತಿಯ ಮೇಲಿರುವಾಗಲ್ಲ, ಅದಾದ ಎರಡು ಮೂರು ಗಂಟೆಗಳ ನಂತರ ಬರುತ್ತದೆ ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. ಒಂದು ಗಂಟೆಯವರೆಗೆ ವಿಶ್ರಮಿಸಿ ಎರಡಕ್ಕೆ ಹೊರಡುವುದು ಅತ್ಯಂತ ಕೆಟ್ಟ ಹೊತ್ತನ್ನು ಆರಿಸಿಕೊಂಡಂತೆ. ತಂಪು ಪ್ರದೇಶದಿಂದ ಬಿಸಿ ಪ್ರದೇಶಕ್ಕೆ ಇಳಿಯುವವರು ಇನ್ನೊಂದನ್ನು ಗಮನಿಸಬೇಕು: ಶಾಖಕ್ಕೆ ದೇಹ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನಗಳ ದೂರವನ್ನು ಅರ್ಧಕ್ಕೆ ಇಳಿಸುವುದರಲ್ಲಿ ನಾಚಿಕೆಯೇನಿಲ್ಲ.

ನಿಲುಗಡೆ 45 ನಿಮಿಷಕ್ಕೊಮ್ಮೆ ಇರಲಿ, ಮತ್ತು ನಿಂತರೆ ನಿಂತಂತಿರಲಿ. ಇಂಜಿನ್ ಆರಿಸಿ, ನೆರಳಿಗೆ ಬಂದು, ಹೆಲ್ಮೆಟ್ಟನ್ನೂ ಜಾಕೆಟ್ಟನ್ನೂ ಕಳಚಿ, ಮುಖ, ಕತ್ತು, ಮುಂಗೈಗಳನ್ನು ನೀರಿನಿಂದ ತೋಯಿಸಿ, ಹತ್ತು ಹದಿನೈದು ನಿಮಿಷ ಕುಳಿತರೆ ಅದು ನಿಲುಗಡೆ. ಹೆಲ್ಮೆಟ್ ತೊಟ್ಟೇ ಮೊಬೈಲ್ ನೋಡಿ ಮತ್ತೆ ಹೊರಡುವುದು ನಿಲುಗಡೆಯ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ಪೆಟ್ರೋಲ್ ಪಂಪಿನಲ್ಲಿ. ಎರಡೂವರೆ ಗಂಟೆ ಎಡೆಬಿಡದೆ ಓಡಿಸಿ ಬಂದಿದ್ದ ನಾನು ಟ್ಯಾಂಕಿನ ಮುಚ್ಚಳಕ್ಕೆ ಕೀಲಿಯನ್ನು ಹಾಕುತ್ತಿದ್ದೆ, ಅದು ಹೋಗುತ್ತಿರಲಿಲ್ಲ. ತಿರುಗಿಸಿ ಹಾಕಿದೆ, ಮತ್ತೆ ತಿರುಗಿಸಿದೆ, ನಾಲ್ಕನೆಯ ಸಲ ಸಿಟ್ಟಿನಿಂದ ಒತ್ತಿದೆ. ಪಕ್ಕದಲ್ಲಿ ನಿಂತಿದ್ದ ಪಂಪಿನ ಹುಡುಗ ಮೆಲ್ಲಗೆ, "ಸಾರ್, ಅದು ಮನೆ ಕೀಲಿ" ಎಂದ. ನನಗೆ ತಲೆನೋವಿರಲಿಲ್ಲ, ಸುಸ್ತು ಎನಿಸಿರಲಿಲ್ಲ, ಚೆನ್ನಾಗಿಯೇ ಇದ್ದೇನೆಂದು ಯಾರ ಮುಂದೆಯಾದರೂ ಆಣೆ ಮಾಡುತ್ತಿದ್ದೆ. ಬಿಸಿಲು ಮೊದಲು ಕೈಯಿಡುವುದು ವಿವೇಚನೆಯ ಮೇಲೆಯೇ. ಸೋತ ವಿವೇಚನೆಯಿಂದ ತನ್ನ ಸೋಲನ್ನು ತಾನೇ ಅಳೆಯಲು ಆಗುವುದಿಲ್ಲ. ಅದಕ್ಕಾಗಿ ಹೊರಗಿನ ಗುರುತುಗಳನ್ನು ನೋಡಬೇಕು. ಹಿಂದಿನ ಫಲಕದಲ್ಲಿ ಏನು ಬರೆದಿತ್ತೆಂದು ನೆನಪಾಗದಿರುವುದು, ಇಂಡಿಕೇಟರ್ ಆರಿಸಲು ಮರೆತು ಬಹುದೂರ ಬಂದಿರುವುದು, ತಿರುವಿಗೆ ತಪ್ಪು ಗೇರಿನಲ್ಲಿ ಇಳಿಯುವುದು, ಮುಂದಿನ ಲಾರಿಯ ಮೇಲೆ ಕಾರಣವಿಲ್ಲದೆ ಕೋಪ ಬರುವುದು: ಇವುಗಳಲ್ಲಿ ಒಂದು ಕಂಡರೂ ಮುಂದಿನ ನೆರಳೇ ಆ ಹೊತ್ತಿನ ಗುರಿ.

ಮೈ ಕೈಕೊಟ್ಟಾಗ

ಬಿಸಿಲಿನ ಬಳಲಿಕೆಯಲ್ಲಿ ಮೈ ಧಾರಾಕಾರ ಬೆವರುತ್ತದೆ, ಚರ್ಮ ಬಿಳಿಚಿಕೊಂಡು ತಣ್ಣಗೆ ಅಂಟಂಟಾಗುತ್ತದೆ, ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ, ಮೀನಖಂಡಗಳು ಹಿಡಿದುಕೊಳ್ಳುತ್ತವೆ. ಆಗ ಸವಾರಿ ಅಂದಿಗೆ ಮುಗಿಯಿತು. ನೆರಳಿನಲ್ಲಿ ಮಲಗಿಸಿ, ಕಾಲನ್ನು ತುಸು ಎತ್ತರದಲ್ಲಿಟ್ಟು, ಬಟ್ಟೆ ಸಡಿಲಿಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಬೇಕು. ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ಶಾಖಾಘಾತ, ಅಂದರೆ ಹೀಟ್ ಸ್ಟ್ರೋಕ್, ಬೇರೆಯೇ ಮಾತು. ದೇಹದ ಒಳ ಉಷ್ಣಾಂಶ 40 ಡಿಗ್ರಿ ಅಥವಾ ಅದಕ್ಕೂ ಮೇಲೇರಿ ಮಿದುಳು ಎಡವತೊಡಗುತ್ತದೆ: ಮಾತು ತೊದಲುತ್ತದೆ, ನಡಿಗೆ ಓಲಾಡುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತದೆ, ಪ್ರಜ್ಞೆ ತಪ್ಪುವುದೂ ಉಂಟು. ಬೆವರು ನಿಂತಿದ್ದರೆ ಮಾತ್ರ ಶಾಖಾಘಾತ ಎಂಬ ತಿಳಿವಳಿಕೆ ತಪ್ಪು. ಮೈ ಬೆವರಿನಿಂದ ತೊಯ್ದಿರುವಾಗಲೂ ಅದು ಬಡಿಯಬಹುದು. ಗೊಂದಲವೇ ಗುರುತು. ಆಂಬ್ಯುಲೆನ್ಸಿಗೆ ಕರೆಮಾಡಿ, ಅದು ಬರುವವರೆಗೆ ಕಾಯದೆ ತಂಪು ಮಾಡಲು ತೊಡಗಬೇಕು. ಹೆಲ್ಮೆಟ್, ಜಾಕೆಟ್, ಬೂಟುಗಳನ್ನು ತೆಗೆದು, ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿದು, ಜಾಕೆಟ್ಟಿನಿಂದಲೇ ಆದರೂ ಬಿಡದೆ ಗಾಳಿ ಬೀಸಬೇಕು. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು ಮತ್ತು ತೊಡೆಸಂದಿಗೆ ಇಡಬೇಕು. ತಣ್ಣೀರಿನ ತೊಟ್ಟಿ ಹತ್ತಿರವಿದ್ದು ತಲೆ ಹಿಡಿದುಕೊಳ್ಳಲು ಜನರಿದ್ದರೆ ಕುತ್ತಿಗೆಯವರೆಗೆ ಅದರಲ್ಲಿ ಮುಳುಗಿಸುವುದಕ್ಕಿಂತ ವೇಗದ ಉಪಾಯವಿಲ್ಲ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಜ್ವರದ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಇದು ಜ್ವರವಲ್ಲ.

ರಸ್ತೆ

ಬಿಸಿಲಿಗೆ ಕರಗಿದ ಡಾಂಬರು ಮೇಲೆದ್ದು ಕನ್ನಡಿಯಂತೆ ಹೊಳೆಯುವ ಪಟ್ಟಿಗಳು ತಿರುವುಗಳಲ್ಲಿ ಸಿಕ್ಕರೆ ಟೈರಿನ ಹಿಡಿತ ಸಡಿಲುತ್ತದೆ. ಬಿರುಕು ಮುಚ್ಚಲು ಸುರಿದ ಡಾಂಬರಿನ ಹಾವಿನಂಥ ಗೆರೆಗಳೂ ಹಾಗೆಯೇ. ಅವುಗಳ ಮೇಲೆ ಬ್ರೇಕ್ ಹಿಡಿಯದೆ, ಬೈಕನ್ನು ಆದಷ್ಟು ನೆಟ್ಟಗಿಟ್ಟು ದಾಟಬೇಕು. ದೂರದಲ್ಲಿ ನೀರು ನಿಂತಂತೆ ತೋರುವ ಬಿಸಿಲ್ಗುದುರೆ ನೋಡಲು ಚೆಂದ, ಆದರೆ ಅದರ ಹಿಂದಿರುವ ಎದುರು ವಾಹನದ ಚಕ್ರಗಳನ್ನು ನುಂಗಿಬಿಡುವುದರಿಂದ ದೂರದ ಅಂದಾಜು ಕೆಡುತ್ತದೆ. ಓವರ್‌ಟೇಕ್ ಮಾಡುವ ಮುನ್ನ ಇನ್ನೊಂದು ಕ್ಷಣ ಕಾಯುವುದು ಒಳ್ಳೆಯದು. ಬಹುಕಾಲದ ಒಣಹವೆಯ ನಂತರ ಬೀಳುವ ಮೊದಲ ಮಳೆಯ ಆರಂಭದ ನಿಮಿಷಗಳಲ್ಲಿ ಧೂಳು, ಎಣ್ಣೆ ಮತ್ತು ನೀರು ಕೂಡಿ ರಸ್ತೆಯನ್ನು ಸಾಬೂನು ಸವರಿದಂತೆ ಮಾಡುತ್ತವೆ.

ಸೈಡ್ ಸ್ಟ್ಯಾಂಡ್ ಹಾಕುವಾಗ ಅದರ ಪಾದದ ಕೆಳಗೆ ಚಪ್ಪಟೆ ಕಲ್ಲನ್ನೋ ಮರದ ತುಂಡನ್ನೋ ಇಡಬೇಕು. ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡ್ ನಿಧಾನವಾಗಿ ಇಳಿಯುತ್ತದೆ. ನಿಲ್ಲಿಸಿದಾಗ ನೆಟ್ಟಗಿದ್ದ ಬೈಕು ನೀವು ನೀರು ಕುಡಿದು ಬರುವಷ್ಟರಲ್ಲಿ ಮಗ್ಗುಲಾಗಿರುತ್ತದೆ.

ಗಾಡಿ

ಟೈರಿನ ಗಾಳಿಯನ್ನು ಬೆಳಗ್ಗೆ, ಗಾಡಿ ಓಡುವ ಮೊದಲು, ಕೈಪಿಡಿಯಲ್ಲಿ ಹೇಳಿರುವ ಅಳತೆಗೆ ಸರಿಪಡಿಸಬೇಕು. 30 ಪಿಎಸ್‌ಐ ಇರುವ ಟೈರಿನೊಳಗಿನ ಗಾಳಿ 20 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 3 ಪಿಎಸ್‌ಐ ಏರುತ್ತದೆ. ಅದನ್ನು ಕಂಡು ಗಾಬರಿಯಿಂದ ಗಾಳಿ ತೆಗೆದರೆ ತಪ್ಪಾಗುತ್ತದೆ, ಏಕೆಂದರೆ ಆ ಏರಿಕೆಯ ಲೆಕ್ಕ ಕೈಪಿಡಿಯ ಅಳತೆಯಲ್ಲೇ ಸೇರಿದೆ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗಿ ಬಳುಕಿ ತಾನೇ ಇನ್ನಷ್ಟು ಕಾಯುತ್ತದೆ. ಬೇಸಿಗೆಯಲ್ಲಿ ಟೈರುಗಳು ಸಿಡಿಯುವುದಕ್ಕೆ ಹೆಚ್ಚಾಗಿ ಕಾರಣ ಇದೇ.

ಕೂಲಂಟ್ ಇರುವ ಗಾಡಿಯಲ್ಲಿ ಅದರ ಮಟ್ಟವನ್ನು ಇಂಜಿನ್ ತಣ್ಣಗಿರುವಾಗ ನೋಡಬೇಕು, ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗೆ ಒತ್ತಡದಲ್ಲಿರುವುದರಿಂದಲೇ ಅದು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದರೆ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಗಾಳಿಯಿಂದ ತಣಿಯುವ ಇಂಜಿನ್ನುಗಳಿಗೆ ನಿಂತ ಟ್ರಾಫಿಕ್ಕೇ ದೊಡ್ಡ ಶಿಕ್ಷೆ, ಆದ್ದರಿಂದ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದಲ್ಲಿ ಆರಿಸುವುದು ಒಳ್ಳೆಯದು. ಇಂಜಿನ್ ಆಯಿಲ್ಲಿನ ಮಟ್ಟ ಮತ್ತು ದರ್ಜೆ ಕೈಪಿಡಿಯಂತೆ ಇದ್ದರೆ ಸಾಕು. ಬ್ರೇಕ್ ಆಯಿಲ್ಲಿನ ವಯಸ್ಸನ್ನು ಮಾತ್ರ ಕೇಳಿ ತಿಳಿದುಕೊಳ್ಳಿ: ಅದು ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಲಿವರ್ ಸ್ಪಂಜಿನಂತೆ ಒಳಗಿಳಿದರೆ ಅದು ಈ ಕುದಿತದ ಸೂಚನೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ವಾಡಿಕೆ.

ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸಬಾರದು. ಪೆಟ್ರೋಲು 20 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 2ರಷ್ಟು ಹಿಗ್ಗುತ್ತದೆ. 12 ಲೀಟರಿಗೆ ಅದು 200 ಮಿಲಿಲೀಟರಿಗಿಂತ ಹೆಚ್ಚು, ಹೋಗಲು ಜಾಗವಿಲ್ಲದಿದ್ದರೆ ಹೊರಗೆ ಬರುವುದು ಬಿಸಿ ಇಂಜಿನ್ನಿನ ಮೇಲೆಯೇ.

ಹಿಂದೆ ಕುಳಿತವರು

ಹಿಂಬದಿಯವರಿಗೆ ಗಾಳಿಯೂ ಕಡಿಮೆ, ಕೆಲಸವೂ ಇಲ್ಲ. ತೂಕಡಿಕೆ ಅವರಿಗೇ ಮೊದಲು ಬರುತ್ತದೆ. ಭುಜಕ್ಕೆ ಎರಡು ಸಲ ತಟ್ಟಿದರೆ ನಿಲ್ಲಿಸಬೇಕು ಎಂಬ ಒಪ್ಪಂದವನ್ನು ಹೊರಡುವ ಮೊದಲೇ ಮಾಡಿಕೊಂಡು, ಅದನ್ನು ಚರ್ಚೆಯಿಲ್ಲದೆ ಪಾಲಿಸಬೇಕು. ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ, ಅವರು ಅದನ್ನು ಹೇಳುವುದು ತಡವಾಗಿ. ಹವೆ 40 ಡಿಗ್ರಿ ಇರುವ ಮಧ್ಯಾಹ್ನ ಅವರನ್ನು ಬೈಕಿನಲ್ಲಿ ಕರೆದೊಯ್ಯದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮರುದಿನವೂ ಇದೇ ಬಿಸಿಲಿನಲ್ಲಿ ಹೊರಡುವುದಿದ್ದರೆ ಲೆಕ್ಕ ಸಂಜೆಯೇ ಆಗಬೇಕು. ಹೊರಡುವ ಮೊದಲು ಮತ್ತು ತಲುಪಿದ ಮೇಲೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿಕೊಳ್ಳಲು ಸಾಧ್ಯವಾದರೆ, ಕಡಿಮೆಯಾದ ಪ್ರತಿ ಕಿಲೋ ಸುಮಾರು ಒಂದು ಲೀಟರ್ ನೀರಿಗೆ ಸಮ. ಅದರ ಒಂದೂಕಾಲು ಪಟ್ಟಿನಿಂದ ಒಂದೂವರೆ ಪಟ್ಟಿನಷ್ಟನ್ನು, ಉಪ್ಪಿರುವ ಊಟದೊಂದಿಗೆ, ರಾತ್ರಿ ಮಲಗುವವರೆಗೆ ಸ್ವಲ್ಪಸ್ವಲ್ಪವಾಗಿ ಕುಡಿದು ಮುಗಿಸಬೇಕು. ಬೆಳಗ್ಗೆ ಎದ್ದಾಗ ತಲೆ ಭಾರವಾಗಿದ್ದು, ಮೂತ್ರ ಇನ್ನೂ ಗಾಢವಾಗಿಯೇ ಇದ್ದರೆ, ಆ ದಿನದ ಹೊರಡುವಿಕೆಯನ್ನು ಸಂಜೆಗೆ ಮುಂದೂಡಿ.